ಯಾರ ರುಜು?

ಕುಂದಾಪುರದ ಕೋರ್ಟಿನ ಆಸುಪಾಸಿನಲ್ಲಿ ವಕೀಲರ ಗುಮಾಸ್ತನಾಗಿ ಮೂವತ್ತನಾಲ್ಕು ವರ್ಷ ಕಳೆದವನು ನಾನು. ಅಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು, "ಇಲ್ಲೊಂದು ರುಜು ಹಾಕಿ" ಎಂಬುದು. ವಕಾಲತ್ತು, ಅಫಿದಾವಿತು, ಪಾಲುಪಟ್ಟಿ, ಕಾಗದ ಯಾವುದೇ ಇರಲಿ, ಓದಿ ರುಜು ಹಾಕುವವರು ಕಡಿಮೆ. ಹೆಂಗಸರಂತೂ ಜೊತೆಗೆ ಬಂದ ಗಂಡಸಿನ ಮುಖ ನೋಡಿ ಹೆಬ್ಬೆಟ್ಟು ಒತ್ತುತ್ತಿದ್ದರು. ಅಳಿಯಸಂತಾನದ ಮನೆಯವರೂ ಇದಕ್ಕೆ ಹೊರತಲ್ಲ. ವಂಶ ಹೆಣ್ಣಿನದು, ಯಜಮಾನಿಕೆ ಮಾವನದು. ಇದರಲ್ಲಿ ವಿಚಾರ ಮಾಡಬೇಕಾದದ್ದು ಏನೋ ಇದೆ ಎಂದು ನನಗೆ ಆಗ ಹೊಳೆದಿರಲಿಲ್ಲ.

2012ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ ಪತ್ರಿಕೆ ಹಿಡಿದುಕೊಂಡು ಚಾವಡಿಯಲ್ಲಿ ಕುಳಿತಿದ್ದಳು. ಬೆಳಗಾವಿಯ ಹುಡುಗಿ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇ ಎಂಬ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ. ಆಕೆ ದಂತವೈದ್ಯೆ, ವಯಸ್ಸು 31, ಬಸುರಿಗೆ 17 ವಾರ. ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದಾಗಲೇ ಗರ್ಭ ಉಳಿಯುವುದಿಲ್ಲ ಎಂಬುದು ಗೊತ್ತಾಗಿತ್ತು. ಹೇಗೂ ಉಳಿಯದಿದ್ದರೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡಳು. ಶಿಶುವಿನ ಎದೆಬಡಿತ ನಿಂತಿಲ್ಲವಾದ್ದರಿಂದ ಆಗುವುದಿಲ್ಲ ಎಂಬ ಉತ್ತರ ಬಂತು. ಬಡಿತ ನಿಂತದ್ದು 24ರಂದು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. 28ರಂದು ಸವಿತಾ ಇಲ್ಲವಾದಳು.

ನನ್ನ ಹೆಂಡತಿ ಪತ್ರಿಕೆ ಮಡಚಿಟ್ಟು, "ಅದ್ ಬಾಯ್ಬಿಟ್ಟ್ ಕೇಂಡ್ರೂ ಕೊಡ್ಲಿಲ್ಲ. ನನ್ನತ್ರ ಯಾರೂ ಕೇಣ್ಲೇ ಇಲ್ಲ" ಎಂದಳು.

ಏನು ಎಂದು ನಾನು ಕೇಳಬೇಕಾಗಿರಲಿಲ್ಲ. 1983ರಲ್ಲಿ ನಮ್ಮ ಎರಡನೆಯ ಮಗು ಹುಟ್ಟಿದ ಮರುದಿನ, ಆಸ್ಪತ್ರೆಯ ಜಗಲಿಯಲ್ಲಿ ನಿಂತಿದ್ದ ನನ್ನನ್ನು ಕರೆದು, "ಆಪರೇಷನ್ ಮಾಡಿಬಿಡುವ ಅಲ್ವಾ?" ಎಂದು ಕೇಳಿದ್ದರು. ನಾನು ರುಜು ಹಾಕಿದೆ. ಒಳಗೆ ಮಲಗಿದ್ದ ಅವಳೂ ತೋರಿಸಿದ ಜಾಗದಲ್ಲಿ ಹಾಕಿದ್ದಿರಬೇಕು. ಎರಡು ಮಕ್ಕಳು ಸಾಕು ಎಂಬುದು ಆಗ ಎಲ್ಲ ಗೋಡೆಗಳ ಮೇಲೂ ಬರೆದಿದ್ದ ಮಾತು; ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. 29 ವರ್ಷದ ನಂತರವೂ, "ಒಳ್ಳೇದಕ್ಕೇ ಆಯ್ತಲ್ಲ" ಎಂದೆ. "ಒಳ್ಳೇದಕ್ಕೇ ಇರ್ಲಿ. ಒಂದ್ ಮಾತ್ ಕೇಣ್ಕಿತ್ತ್" ಎಂದಷ್ಟೇ ಹೇಳಿ ಒಳಗೆ ಹೋದಳು.

ಅವಳ ಆ ಒಂದು ಮಾತು ನನ್ನನ್ನು ನಿವೃತ್ತಿಯ ನಂತರ ಮತ್ತೆ ಕಾನೂನು ಪುಸ್ತಕಗಳ ಕಡೆಗೆ ಓಡಿಸಿತು. ನಾನು ಜಗಲಿಯಲ್ಲಿ ರುಜು ಹಾಕಿದ ಅದೇ 1983ರಲ್ಲಿ ಐರ್ಲೆಂಡಿನವರು ತಮ್ಮ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ತಂದು, ಗರ್ಭದೊಳಗಿನ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಎಂದು ಬರೆದುಕೊಂಡಿದ್ದರು. ಕೇಳಲು ಎಷ್ಟು ನ್ಯಾಯವಾಗಿದೆ! ತಕ್ಕಡಿ ಹಿಡಿದವರು ಯಾರು ಎಂಬುದನ್ನು ಮಾತ್ರ ಬರೆಯಲಿಲ್ಲ. ಅದು ಡಾಕ್ಟರರ ಕೈಗೆ ಹೋಯಿತು, ಅವರು ಕಾನೂನಿನ ಹೆದರಿಕೆಯಲ್ಲಿ ಕಾದರು. ಮುಂದೆ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾಳ ಮುಖ ಬಂತು. 2018ರ ಮೇ 25ರ ಜನಮತಕ್ಕೆ ಮೊದಲು ಅವಳ ತಂದೆ, ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಬೆಳಗಾವಿಯಿಂದ ಕೇಳಿಕೊಂಡರು. ನೂರಕ್ಕೆ 66ಕ್ಕಿಂತ ಹೆಚ್ಚು ಮಂದಿ ಆ ತಿದ್ದುಪಡಿಯನ್ನು ತೆಗೆಯಬೇಕೆಂದರು.

ನಮ್ಮದು ವಾಸಿ ಎಂದು ಹೆಮ್ಮೆಪಡುವಂತಿದೆ. ಗರ್ಭಪಾತದ ಕಾನೂನು ನಮ್ಮಲ್ಲಿ 1971ರಲ್ಲೇ ಬಂತು. ಆದರೆ ಗುಮಾಸ್ತನ ಕಣ್ಣಿನಿಂದ ಓದಿದರೆ ಅದು ಹೆಣ್ಣಿಗೆ ಹಕ್ಕು ಕೊಟ್ಟದ್ದಲ್ಲ. ಪ್ರಾಮಾಣಿಕವಾಗಿ ಅಭಿಪ್ರಾಯ ಕೊಟ್ಟ ಡಾಕ್ಟರನ್ನು ದಂಡಸಂಹಿತೆಯಿಂದ ಕಾಪಾಡಿದ್ದು. 2021ರ ತಿದ್ದುಪಡಿಯಲ್ಲಿ ಕೆಲವು ಹೆಂಗಸರಿಗೆ ಅವಧಿ 24 ವಾರಕ್ಕೆ ಏರಿದರೂ ಡಾಕ್ಟರರ ಅಭಿಪ್ರಾಯ ಬೇಕೇ ಬೇಕು. ಹಕ್ಕಿನ ಮಾತು ಬಂದದ್ದು ಕೋರ್ಟಿನಿಂದ. ಮಗು ಬೇಕೇ ಬೇಡವೇ ಎಂಬ ನಿರ್ಧಾರ ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಎಂದಾಗ ಇದೂ ಅದರೊಳಗೆ ಸೇರಿತು. ಬೆರಳಚ್ಚಿನ ಜಗಳ ಬಸಿರಿನವರೆಗೆ ಬಂದದ್ದು ನನಗೆ ಬಹಳ ಹಿಡಿಸಿತು. ಹಾಗೆಂದು ನೆಮ್ಮದಿಯಿಂದ ಇರುವಂತಿಲ್ಲ. ಅಮೆರಿಕದಲ್ಲಿ 1973ರಲ್ಲಿ ಕೋರ್ಟು ಕೊಟ್ಟದ್ದನ್ನು ಕೋರ್ಟೇ 2022ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು.

ಗರ್ಭದಲ್ಲಿರುವುದಕ್ಕೆ ಬೆಲೆಯಿಲ್ಲ ಎಂದು ನಾನು ಹೇಳಲಾರೆ. ಹೆಣ್ಣೆಂದು ತಿಳಿದು ತೆಗೆಸುವವರ ವಿಚಾರ ಕೇಳಿದಾಗ ಹೊಟ್ಟೆ ತೊಳಸುತ್ತದೆ. ಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾನೂನು ಬೇಕೇ ಬೇಕು. ಆದರೆ ಅಲ್ಲಿಯೂ ಎಷ್ಟು ಮಂದಿ ತಾಯಂದಿರು ತಾವಾಗಿ ಬಯಸಿದ್ದರು, ಎಷ್ಟು ಮಂದಿ ಅತ್ತೆ ಗಂಡಂದಿರ ಮುಖ ನೋಡಿ ಒಪ್ಪಿದ್ದರು? ಬಿಹಾರದ ಅರಾರಿಯಾದಲ್ಲಿ 2012ರ ಜನವರಿಯಲ್ಲಿ ಶಾಲೆಯೊಂದರಲ್ಲಿ ರಾತ್ರಿ ಟಾರ್ಚಿನ ಬೆಳಕಿನಲ್ಲಿ 53 ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ್ದರು. ಆ ಮೊಕದ್ದಮೆಯಲ್ಲಿಯೇ 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದದ್ದು. ಅವರ ರುಜುಗಳೂ ಫೈಲಿನಲ್ಲಿ ಇದ್ದಿರಬಹುದು. ಸವಿತಾಳಿಗೆ ಬೇಡವೆಂದದ್ದು, ಇವರಿಗೆ ಮಾಡಿಯೇಬಿಟ್ಟದ್ದು ಬೇರೆ ಬೇರೆ ಎಂದು ಮೊದಲು ನನಗೆ ತೋರಿತ್ತು. ಈಗ ಹಾಗೆ ತೋರುವುದಿಲ್ಲ. ನಾನು 1983ರಲ್ಲಿ ಮಾಡಿದ್ದನ್ನೂ ಅವುಗಳ ಸಾಲಿನಲ್ಲೇ ಇಡಬೇಕಾಗುತ್ತದೆ, ಎಷ್ಟೇ ಸಣ್ಣದಾಗಿದ್ದರೂ.

ಎರಡು ವರ್ಷದ ಹಿಂದೆ ನಮ್ಮ ಬಂಧುಗಳ ಪೈಕಿಯ ಹೆಣ್ಣೊಬ್ಬಳಿಗೆ ಗರ್ಭ ತೆಗೆಸಬೇಕಾಗಿ ಬಂತು. ಗಂಡ ದುಬಾಯಿಯಲ್ಲಿ. ಆಸ್ಪತ್ರೆಯವರು ಅವನ ರುಜು ಇಲ್ಲದೆ ಆಗುವುದಿಲ್ಲ ಎಂದರಂತೆ. ನಾನೂ ಹೆಂಡತಿಯೂ ಹೋದೆವು. ಹದಿನೆಂಟು ದಾಟಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು, 1971ರಿಂದಲೂ ಹಾಗೆಯೇ ಇದೆ ಎಂದು ಕಾನೂನಿನ ಪ್ರತಿ ತೋರಿಸಿದೆ. ಕೌಂಟರಿನಲ್ಲಿದ್ದಾಕೆ ಜಗಳವಾಡಲಿಲ್ಲ, "ನಾವು ಯಾವಾಗಲೂ ಹೀಗೇ ಮಾಡೋದು" ಎಂದಳು. ಆಮೇಲೆ ಒಳಗೆ ಹೋಗಿ ಕೇಳಿಕೊಂಡು ಬಂದು ಕಾಗದವನ್ನು ಹುಡುಗಿಯ ಕಡೆಗೆ ಸರಿಸಿದಳು. ಅವಳು ಪೆನ್ನು ಕೈಯಲ್ಲಿ ಹಿಡಿದು ಮೇಲಿನಿಂದ ಓದತೊಡಗಿದಳು, ಸಾವಕಾಶವಾಗಿ. ನನ್ನ ಬೆರಳು ಅಭ್ಯಾಸಬಲದಿಂದ ರುಜುವಿನ ಜಾಗದತ್ತ ಹೋಯಿತು. "ಅದಕ್ಕ್ ಓದುಕ್ ಬತ್ತ್, ನೀವ್ ಸುಮ್ನಿರಿ" ಎಂದಳು ನನ್ನ ಹೆಂಡತಿ.