ಕೈ ಕಟ್ಟಿದ ಬೆರಗು

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ ನೇತ್ರಾಣಿ ದ್ವೀಪ. ದೋಣಿಯಿಂದ ನೋಡಿದರೆ ಕಾಡು ಹೊದ್ದ ಬಂಡೆ, ಮೇಲೆ ಸುತ್ತುವ ಬಿಳಿ ಹೊಟ್ಟೆಯ ಕಡಲ ಹದ್ದು. ಅದರ ಇನ್ನೊಂದು ಲೋಕ ಕಾಣುವುದು ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದವರಿಗೆ ಮಾತ್ರ.

ಅಲ್ಲಿ ಕಲ್ಲೆಂದು ತೋರುವುದೆಲ್ಲ ಕಲ್ಲಲ್ಲ. ಹವಳ ಒಂದು ಪ್ರಾಣಿ. ಕೆಲವೇ ಮಿಲಿಮೀಟರ್ ಗಾತ್ರದ ಸಾವಿರಾರು ಜೀವಗಳು ಸಮುದ್ರದ ನೀರಿನಿಂದಲೇ ಸುಣ್ಣ ಹೀರಿ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ಬಿಡಾರ ಹೂಡಿದ ಪಾಚಿ ಬಿಸಿಲನ್ನು ಅನ್ನವಾಗಿಸಿ ಉಣಿಸುತ್ತದೆ. ದುಂಡನೆಯ ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಅಷ್ಟೆ. ಎಲ್ಲಿಯಾದರೂ ಆಳೆತ್ತರದ ಹವಳ ಕಂಡರೆ, ನಮ್ಮ ಅಜ್ಜನ ಅಜ್ಜ ತೊಟ್ಟಿಲಲ್ಲಿದ್ದ ಕಾಲದಿಂದ ಅದು ಬೆಳೆಯುತ್ತಿದೆ ಎಂದೇ ತಿಳಿಯಬೇಕು. ಕಡಲತಳದ ಶೇ. 1ರಷ್ಟನ್ನೂ ಆವರಿಸದ ಹವಳದ ದಿಬ್ಬಗಳನ್ನು ನಂಬಿ ಕಡಲಜೀವಿಗಳಲ್ಲಿ ಕಾಲುಭಾಗದಷ್ಟು ಪ್ರಭೇದಗಳು ಬದುಕಿವೆ.

ಇಷ್ಟನ್ನು ಕಣ್ಣೆದುರು ಕಂಡಾಗ ಕೈ ತಾನಾಗಿ ಮುಂದೆ ಚಾಚುತ್ತದೆ. ಬೆರಗಿನ ಸ್ವಭಾವವೇ ಅದು. ಆದರೆ ಬೆರಳು ತಾಗಿದರೆ ಹವಳದ ಮೈ ಕಾಯುವ ಲೋಳೆಪದರ ಕಿತ್ತುಹೋಗುತ್ತದೆ. ಕಾಲಿಗೆ ತೊಟ್ಟ ಫಿನ್ ಬಡಿದರೆ ಕವಲು ಮುರಿಯುತ್ತದೆ, ಎದ್ದ ಮರಳು ಅದನ್ನು ಉಸಿರುಗಟ್ಟಿಸುತ್ತದೆ. ಗರ್ಭಗುಡಿಯ ಮುಂದೆ ನಿಂತವರು ಕೈ ಚಾಚುವುದಿಲ್ಲ, ಜೋಡಿಸುತ್ತಾರೆ. ನುರಿತ ಡೈವರ್‌ಗಳೂ ಎದೆಗೆ ಕೈ ಕಟ್ಟಿಕೊಂಡೇ ತೇಲುತ್ತಾರೆ. ಉಸಿರೆಳೆದರೆ ದೇಹ ತುಸು ಏರುತ್ತದೆ, ಬಿಟ್ಟರೆ ತುಸು ಇಳಿಯುತ್ತದೆ. ಹವಳಕ್ಕೆ ತಾಗದಂತೆ ಇರುವುದನ್ನು ಅವರು ಉಸಿರಿನಲ್ಲೇ ಕಲಿಯುತ್ತಾರೆ. ಇಷ್ಟು ಸೂಕ್ಷ್ಮವಾದ ಹೊಣೆ ನೆಲದ ಮೇಲೆ ನಮಗೆ ಎಲ್ಲಿದೆ?

ನಮ್ಮ ವನ್ಯಜೀವಿ ಕಾಯ್ದೆ ಗಟ್ಟಿ ಹವಳಗಳಿಗೆ ಹುಲಿಯ ಜೊತೆ ಮೊದಲ ಪರಿಚ್ಛೇದದಲ್ಲೇ ಜಾಗ ಕೊಟ್ಟಿದೆ. ಆದರೂ ಕಡಲು ಬಿಸಿಯಾಗುತ್ತಿದೆ. ಬಿಸಿ ಹೆಚ್ಚಾದರೆ ಹವಳ ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಜಗತ್ತಿನಾದ್ಯಂತ ಹಾಗಾಗುತ್ತಿದೆ, ಇದು ನಾಲ್ಕನೆಯ ಸಲ ಎಂದು ವಿಜ್ಞಾನಿಗಳು 2024ರಲ್ಲಿ ಸಾರಿದರು. ಒಬ್ಬ ಡೈವರ್ ಕಡಲನ್ನು ತಂಪು ಮಾಡಲಾರ. ಬಳಲಿದ ಹವಳಕ್ಕೆ ಇನ್ನೊಂದು ಗಾಯ ಸೇರಿಸದಿರುವುದು ಮಾತ್ರ ಪೂರ್ತಿ ಅವನದೇ.

ನೇತ್ರಾಣಿಯಲ್ಲಿ ಈಜು ಬಾರದವರನ್ನೂ ಬೋಧಕರು ಹಿಡಿದುಕೊಂಡು ಇಳಿಸುತ್ತಾರೆ. ಒಳ್ಳೆಯದೇ; ಇನ್ನಷ್ಟು ಜನ ನೋಡಲಿ. ನೀವೂ ಹೋಗಿ. ಫೋಟೊಗಾಗಿ ಹವಳ ಹಿಡಿದು ನಿಲ್ಲಬೇಡಿ, ಮೀನಿಗೆ ಬಿಸ್ಕತ್ತು ಎಸೆಯಬೇಡಿ, ಸತ್ತ ಹವಳದ ಚೂರನ್ನೂ ತರಬೇಡಿ. ದೋಣಿ ಹತ್ತುವ ಮೊದಲು, ಲಂಗರು ಎಲ್ಲಿ ಬಿಡುತ್ತೀರಿ ಎಂದು ದೋಣಿಯವರನ್ನು ತಪ್ಪದೆ ಕೇಳಿ.