ಗುಡಿಸದೆ ಬಿಟ್ಟ ಮೂಲೆ

ಮನೆಗೆ ಹಕ್ಕಿ ಬರಬೇಕು, ಏನು ಮಾಡೋಣ ಎಂದು ಕೇಳಿ ನೋಡಿ. ತಾರಸಿ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿ ಎನ್ನುವವರೇ ಹೆಚ್ಚು. ಚೆಲ್ಲಿದರೆ ಹಕ್ಕಿ ಬರುವುದೇನೋ ನಿಜ. ಆದರೆ ಬರುವುದು ಪಾರಿವಾಳ. ಇವತ್ತು ನಾಲ್ಕು, ಮುಂದಿನ ವಾರ ನಲವತ್ತು. ಆಮೇಲೆ ಬಾಲ್ಕನಿಗೆ ಬಲೆ ಹೊಡೆಸುವ ಖರ್ಚು ಬೇರೆ.

ನಮ್ಮ ಹಿತ್ತಿಲ ಹಕ್ಕಿಗಳಲ್ಲಿ ಕಾಳು ನಂಬಿ ಬದುಕುವವು ಕಡಿಮೆ. ಮಡಿವಾಳ ಹಕ್ಕಿಗೆ ಹುಳ ಬೇಕು, ಪಿಕಳಾರಕ್ಕೆ ಹಣ್ಣೂ ಹುಳವೂ ಬೇಕು, ಸೂರಕ್ಕಿಗೆ ಮಕರಂದದ ಜೊತೆ ಜೇಡ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಎಳೆ ಮರಿಗೆ ತಿನ್ನಿಸುವುದು ಹುಳವನ್ನೇ. ಗಿಡಕ್ಕೆಲ್ಲ ಔಷಧ ಹೊಡೆದು, ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಮರದ ಪೆಟ್ಟಿಗೆ ನೇತುಹಾಕುವುದು ಊಟವಿಲ್ಲದ ಛತ್ರ ಕಟ್ಟಿಸಿದ ಹಾಗೆ.

ಹಕ್ಕಿಗೆ ನಾವು ಮಾಡಿಕೊಡಬಹುದಾದ ದೊಡ್ಡ ಅನುಕೂಲವೆಂದರೆ ಒಂದಿಷ್ಟು ಸೋಮಾರಿತನ. ಹಿತ್ತಿಲ ಒಂದು ಮೂಲೆಯನ್ನು ಗುಡಿಸಬೇಡಿ. ತರಗೆಲೆ ಅಲ್ಲೇ ಬಿದ್ದು ಕೊಳೆಯಲಿ. ಹರಟೆಮಲ್ಲಗಳ ಪಟಾಲಂ ಬಂದು, ಒಂದನ್ನೊಂದು ಬೈದುಕೊಳ್ಳುತ್ತಾ, ಎಲೆ ಮಗುಚಿ ಮಗುಚಿ ಹುಳ ಹುಡುಕುತ್ತದೆ. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ "ಏನ್ರೀ, ಕೆಲಸದವಳು ರಜಾನಾ?" ಎಂದರೆ ಹೂಂ ಎಂದುಬಿಡಿ.

ಜೇಡರ ಬಲೆಯನ್ನೂ ಪೂರ್ತಿ ತೆಗೆಯಬೇಡಿ. ಸೂರಕ್ಕಿಯ ಗೂಡು ನಿಂತಿರುವುದೇ ಆ ನೂಲಿನ ಮೇಲೆ. ಕಟ್ಟುವ ದುಡಿಮೆಯೆಲ್ಲ ಹೆಣ್ಣಿನದು. ಗಂಡು ನೇರಳೆ ಗಂಟಲು ಮಿಂಚಿಸಿಕೊಂಡು ಹತ್ತಿರದಲ್ಲಿ ಹಾಜರಿ ಹಾಕುತ್ತದೆ, ಅಷ್ಟೆ. ದಾಸವಾಳದ ರೆಂಬೆಗೋ ಬಟ್ಟೆ ಒಣಗಿಸುವ ತಂತಿಗೋ ನೂಲು ಸುತ್ತಿ ಇಳಿಬಿಟ್ಟ ಚೀಲ ಅದು. ಒಳಗೆ ಹತ್ತಿಯಂಥ ನಾರಿನ ಮೆತ್ತೆ. ಹೊರಗೆ ತೊಗಟೆಯ ಚೂರು, ಒಣಗಿದ ಎಸಳು, ಕಂಬಳಿಹುಳದ ಹಿಕ್ಕೆ. ಬಾಗಿಲ ಮೇಲೆ ಮಳೆಗೆಂದು ಪುಟ್ಟ ಸಜ್ಜಾ ಬೇರೆ! ದೂರದಿಂದ ನೋಡಿದರೆ ಗಾಳಿಗೆ ಹಾರಿಬಂದು ಸಿಕ್ಕಿಕೊಂಡ ಕಸ. ಹಾಗೆಂದೇ ಪೊರಕೆಯಲ್ಲಿ ಕಿತ್ತೆಸೆದವರು ಎಷ್ಟು ಜನವೋ.

ನೀರಿಡುವುದಾದರೆ ಒಂದೆರಡು ಇಂಚು ಆಳದ ಮಣ್ಣಿನ ತಟ್ಟೆ ಸಾಕು. ತಳ ಒರಟಾಗಿದ್ದರೆ ಕಾಲು ಜಾರದು. ದಿನವೂ ಚೆಲ್ಲಿ, ಉಜ್ಜಿ, ತುಂಬಿಸಬೇಕು. ವಾರಗಟ್ಟಲೆ ಬಿಟ್ಟರೆ ಸೊಳ್ಳೆ ಸಾಕಿದಂತೆಯೇ. ಜಾಗವಿದ್ದವರು ಗಸಗಸೆ ಹಣ್ಣಿನ ಮರ ನೆಡಬಹುದು. ಅದು ಅಮೆರಿಕ ಖಂಡದಿಂದ ಬಂದದ್ದು, ಈ ನೆಲದ್ದಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಕುಟ್ರು, ಬದನಿಕೆ ಹಕ್ಕಿ, ಶಾಲೆ ಬಿಟ್ಟ ಮಕ್ಕಳು, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಬಂದ ಹಕ್ಕಿಗಳ ಹೆಸರು ಹಿಡಿಯುವ ಚಟ ಹತ್ತಿದರೆ ಫೆಬ್ರವರಿಗೆ ಕಾಯಿರಿ. ಆ ತಿಂಗಳಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. 1998ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾದದ್ದು 2013ರಿಂದ ನಮ್ಮಲ್ಲೂ ಇದೆ. ಕನಿಷ್ಠ 15 ನಿಮಿಷ ಕೂತು, ಕಂಡದ್ದನ್ನು ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕಿದರಾಯಿತು. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಕಾಗೆ, ಗೊರವಂಕ ಏನು ಮಹಾ ಎಂದು ಮಾತ್ರ ಬಿಡಬೇಡಿ. ಗುಬ್ಬಚ್ಚಿ ಮನೆಮನೆಯಲ್ಲೂ ಇದ್ದ ಕಾಲಕ್ಕೆ ಅದನ್ನು ಎಣಿಸಿಟ್ಟವರು ತೀರಾ ವಿರಳ. ಈಗ ಎಷ್ಟು ಕಡಿಮೆಯಾಗಿದೆ ಎಂದು ತಾಳೆ ನೋಡಲು ಹೊರಟರೆ ಹಳೆಯ ಲೆಕ್ಕವೇ ಸಿಗುವುದಿಲ್ಲ.