ಊಟವೂ ಆಟವೂ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ. ದೇಶಾಟನೆಗೆ ಹೊರಟವನಿಗೆ ಈ ಗಾದೆಯ ಪೂರ್ವಾರ್ಧವು ಅಷ್ಟಾಗಿ ಸಲ್ಲದು. ಪರಸ್ಥಳದಲ್ಲಿ ಅವನು ಪರರು ಬಡಿಸಿದುದನ್ನು ಉಣ್ಣಬೇಕು. ಬಡಿಸಿದ ಕೈಯನ್ನು ನಂಬಬೇಕು. ಆ ನಂಬಿಕೆಯನ್ನೇ ಆಟದ ಸಾಮಗ್ರಿಯನ್ನಾಗಿ ಮಾಡಿಕೊಂಡ ಭೋಜನಶಾಲೆಗಳು ಕಳೆದ ಕೆಲವು ದಶಕಗಳಲ್ಲಿ ಪಶ್ಚಿಮ ದೇಶಗಳಲ್ಲಿ ಹೆಸರಾಗಿವೆ. ಅಲ್ಲಿ ಅತಿಥಿಯು ಇಂಥದು ಬೇಕೆಂದು ಕೇಳುವಂತಿಲ್ಲ. ಬಾಣಸಿಗನು ಗೊತ್ತುಮಾಡಿದ ಇಪ್ಪತ್ತೋ ಮೂವತ್ತೋ ತಿನಿಸುಗಳು, ಒಂದೊಂದು ತುತ್ತಿನಷ್ಟು, ಒಂದರ ಹಿಂದೊಂದು ಬರುವುವು. ಕಣ್ಣಿಗೆ ಒಂದಾಗಿ ಕಂಡುದು ನಾಲಗೆಗೆ ಮತ್ತೊಂದಾಗುವುದು, ಉಂಡವರು ನಗುವರು. ಈ ನಗುವಿಗಾಗಿಯೇ ಸಮುದ್ರಗಳನ್ನು ದಾಟಿ ಹೋಗುವವರುಂಟು. ಅನ್ನದೊಡನೆ ಹೀಗೆ ಆಡುವುದು ತಕ್ಕುದೆ ಎಂಬುದು ಪ್ರಶ್ನೆ.

ಈ ಬಗೆಯ ಶಾಲೆಗಳಲ್ಲಿ ಬಹಳ ಪ್ರಖ್ಯಾತವಾದುದು ಸ್ಪೇನ್ ದೇಶದ ಕ್ಯಾಟಲೋನಿಯ ಪ್ರಾಂತದ ಎಲ್ ಬುಲ್ಲಿ. ರೋಸಸ್ ಎಂಬ ಪಟ್ಟಣದಾಚೆ, ಬೆಟ್ಟದ ಅಂಕುಡೊಂಕು ದಾರಿಯನ್ನು ಕಳೆದು, ಮೆಡಿಟರೇನಿಯನ್ ಕಡಲ ಸಣ್ಣ ಕೊಲ್ಲಿಯೊಂದರ ದಡದಲ್ಲಿ ಅದು ನಡೆಯುತ್ತಿತ್ತು. ೧೯೬೦ರ ದಶಕದಲ್ಲಿ ಅದು ಮೊದಲಾದುದು ಪುಟಾಣಿ ಗಾಲ್ಫ್ ಆಟದ ಅಂಗಳವಾಗಿ. ಆಟವು ಆ ನೆಲದ ಗುಣವೋ ಏನೋ! ೧೯೮೪ರಲ್ಲಿ ಅಲ್ಲಿಗೆ ಸೇರಿದ ಫೆರಾನ್ ಆಡ್ರಿಯಾ ಎಂಬ ಬಾಣಸಿಗನು ಅದನ್ನು ಲೋಕಪ್ರಸಿದ್ಧವಾಗಿ ಮಾಡಿದನು. ವರ್ಷದಲ್ಲಿ ಸುಮಾರು ಆರು ತಿಂಗಳು ಊಟ. ಉಳಿದ ಕಾಲದಲ್ಲಿ ಬಾರ್ಸಿಲೋನ ನಗರದ ಕಾರ್ಯಾಗಾರದಲ್ಲಿ ಹೊಸ ತಿನಿಸುಗಳ ಪ್ರಯೋಗ. ಒಂದು ರಾತ್ರಿಗೆ ಐವತ್ತು ಮಂದಿಯ ಸುಮಾರಿಗೆ ಮಾತ್ರ ಸ್ಥಳ.

೨೦೦೫ರಲ್ಲಿ ಅಲ್ಲಿ ಹುಟ್ಟಿದ ಒಂದೇ ಒಂದು ತಿನಿಸನ್ನು ವಿಚಾರಿಸಿದರೆ ಸಾಕು. ಎಣ್ಣೆ ತುಂಬಿದ ಗಾಜಿನ ಭರಣಿಯಿಂದ ಹಸಿರು ಆಲಿವ್ ಕಾಯೊಂದನ್ನು ತೆಗೆದು ಚಮಚದಲ್ಲಿಟ್ಟು ಅತಿಥಿಗೆ ಕೊಡುವರು. ಕನ್ನಡನಾಡಿನವರಿಗೆ ಉಪ್ಪಿನಕಾಯಿಯ ಮಿಡಿ ಹೇಗೋ ಸ್ಪೇನಿನವರಿಗೆ ಆಲಿವ್ ಹಾಗೆ. ಅದರಲ್ಲಿ ನೋಡುವುದಕ್ಕೇನೂ ಇಲ್ಲ. ಬಾಯಿಗಿಟ್ಟು ನಾಲಗೆಯಿಂದ ಒತ್ತಿದೊಡನೆ ಕಾಯಿ ಒಡೆದು ನೀರಾಗುವುದು. ಬೀಜವಿಲ್ಲ, ತಿರುಳಿಲ್ಲ, ಬಾಯ ತುಂಬ ಆಲಿವಿನ ರಸ. ಕಾಯಿಂದ ಹಿಂಡಿದ ರಸಕ್ಕೆ ಸುಣ್ಣದ ಅಂಶವುಳ್ಳ ಲವಣವನ್ನು ಬೆರಸಿ, ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಪದಾರ್ಥವನ್ನು ಕರಗಿಸಿದ ನೀರಿಗೆ ಚಮಚದಿಂದ ಮೆಲ್ಲನೆ ಇಳಿಯಬಿಟ್ಟರೆ, ಎರಡೂ ಕೂಡಿದೆಡೆಯಲ್ಲಿ ತೆಳುವಾದ ಪೊರೆಗಟ್ಟುವುದು. ಒಳಗಿನ ರಸವು ರಸವಾಗಿಯೇ ಉಳಿಯುವುದು. ಯುಕ್ತಿಯಿಷ್ಟೇ.

ಇಲ್ಲಿ ಸುಳ್ಳು ಯಾವುದು? ಕಾಯೆಂದು ಕಂಡುದು ಕಾಯಲ್ಲ. ಆದರೆ ಆಲಿವೆಂದು ಉಂಡುದು ಆಲಿವೇ ಹೌದು. ಆಕಾರವು ಹುಸಿ, ರುಚಿಯು ದಿಟ. ನಿತ್ಯದ ರೂಢಿಯಿಂದ ನಾಲಗೆಯು ಮರೆತುಬಿಟ್ಟಿದ್ದ ರುಚಿಯು, ಪರಿಚಿತವಾದ ರೂಪವು ಕೈಕೊಟ್ಟೊಡನೆ ಎಚ್ಚರಗೊಳ್ಳುವುದು. ಇದಕ್ಕೆ ವಿರುದ್ಧವಾದ ವಿನೋದವೂ ಉಂಟು. ರೋಮಿನ ಪೆಟ್ರೋನಿಯಸನು ಮೊದಲನೆಯ ಶತಮಾನದಲ್ಲಿ ಬರೆದ ಸಟಿರಿಕಾನ್ ಎಂಬ ಕಥೆಯಲ್ಲಿ ಟ್ರಿಮಾಲ್ಕಿಯೋ ಎಂಬ ಹೊಸ ಸಿರಿವಂತನ ಔತಣವೊಂದು ಬರುತ್ತದೆ. ಅವನ ಅಡಿಗೆಯವನು ಹಂದಿಯ ಮಾಂಸದಿಂದಲೇ ಮೀನನ್ನೂ ಹಕ್ಕಿಯನ್ನೂ ಮಾಡಿಡಬಲ್ಲನು. ಯಜಮಾನನು ಅದನ್ನು ಹೇಳಿಕೊಂಡು ಹಿಗ್ಗುವನು. ಅಲ್ಲಿ ಹುಸಿಯಾದುದು ರೂಪವಲ್ಲ, ಪದಾರ್ಥವೇ. ವ್ರತದಿಂದ ಒಂದನ್ನು ಬಿಟ್ಟವನಿಗೆ, ಅಥವಾ ಒಂದು ಮೈಗೆ ವಿಷವಾಗುವವನಿಗೆ, ಅದು ವಿನೋದವಾಗಲಾರದು. ಈಗಿನ ಶಾಲೆಗಳು ಅತಿಥಿಗೆ ವರ್ಜ್ಯವಾದುದೇನೆಂದು ಮೊದಲೇ ಕೇಳಿ ತಿಳಿಯುವುದು ವಾಡಿಕೆಯಾಗಿರುವುದು ಮೆಚ್ಚತಕ್ಕ ಸಂಗತಿ.

ಮೋಸಹೋಗುವವನ ಸಮ್ಮತಿಯೂ ಬೇಕು. ಮಯಸಭೆಯಲ್ಲಿ ದುರ್ಯೋಧನನು ನೆಲವೆಂದು ನೀರಿಗೆ ಕಾಲಿಟ್ಟನು. ಆ ಸಭೆಯೂ ಕುಶಲನಾದ ಶಿಲ್ಪಿಯ ವಿನೋದವೇ. ಆದರೆ ನಕ್ಕವರು ಕಂಡವರು, ಬಿದ್ದವನಲ್ಲ. ಅದರ ಫಲವು ಎಲ್ಲಿಗೆ ಮುಟ್ಟಿತೆಂಬುದನ್ನು ಹೇಳಬೇಕಾದುದಿಲ್ಲ. ಆಲಿವನ್ನು ಬಾಯಿಗಿಟ್ಟವನಾದರೋ ಮೋಸಹೋಗಲೆಂದೇ ದೂರದಿಂದ ಬಂದವನು. ಮೊದಲಿನ ನಗು ಅವನದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ ಭೋಗಕ್ಕೊಂದು, ವಿನೋದಕ್ಕೊಂದು, ಕ್ರೀಡೆಗೊಂದು ಬೇರೆ ಬೇರೆಯಾಗಿ ಮೀಸಲಾಗಿವೆ. ಅನ್ನವು ಸೇರಿರುವುದು ಭೋಗದಲ್ಲಿ. ಅಡಿಗೆಯನ್ನು ಅಷ್ಟು ಸವಿದು ವರ್ಣಿಸಿದ ಅರಸನು ಅದನ್ನು ಆಟದ ಸಾಲಿನಲ್ಲಿ ಇಡಲಿಲ್ಲ. ಈ ವಿಭಾಗವನ್ನು ಹಿಡಿದು ನೋಡಿದರೆ ಒಂದು ಭೇದವು ತೋರುವುದು. ೨೦೦೫ರಲ್ಲಿ ಅಮೆರಿಕೆಯ ಶಿಕಾಗೋ ನಗರದಲ್ಲಿ ತೆರೆದ ಅಲೀನಿಯ ಎಂಬ ಶಾಲೆಯು ತಿನ್ನಬಹುದಾದ ಸಕ್ಕರೆಯ ಬೆಲೂನಿಗೆ ಹೆಸರಾಯಿತು. ಒಳಗೆ ಹೀಲಿಯಂ ಅನಿಲ. ಅದನ್ನು ಹೀರಿದವನು ಕ್ಷಣಕಾಲ ಎಳೆಯ ಮಗುವಿನ ದನಿಯಲ್ಲಿ ಮಾತನಾಡುವನು. ನರೆತ ತಲೆಯ ಗಣ್ಯರು ಆ ದನಿಯಲ್ಲಿ ಒಬ್ಬರನ್ನೊಬ್ಬರು ಸಂಬೋಧಿಸುವುದನ್ನು ಕಂಡು ನಗದವನು ವಿರಳ. ನಿರ್ದುಷ್ಟವಾದ ಸಂತೋಷವೇ ಸರಿ. ಆದರೆ ಅದು ಕ್ರೀಡೆ. ತಿನಿಸು ಅಲ್ಲಿ ನೆಪಮಾತ್ರ. ಆಲಿವು ಆಟವಾಡಿಯೂ ಭೋಗವಾಗಿ ಉಳಿಯಿತು.

ಲೋಕದಲ್ಲಿ ಹಸಿದವರಿರುವಾಗ ಇದೆಲ್ಲ ಪಾಪವಲ್ಲವೆ ಎಂದು ಕೇಳುವವರುಂಟು. ಮದುವೆಯ ಪಂಕ್ತಿಗಳಲ್ಲಿ ಎಲೆಯೊಡನೆ ಮಡಿಸಿ ಎಸೆಯುವ ಅನ್ನವನ್ನು ಕಂಡವರು ಈ ಆಕ್ಷೇಪವನ್ನು ಎಲ್ ಬುಲ್ಲಿಯಿಂದ ಆರಂಭಿಸಬೇಕಾದುದಿಲ್ಲ. ಅಲ್ಲಿ ಖರ್ಚಾಗುತ್ತಿದ್ದುದು ಮುಖ್ಯವಾಗಿ ಧಾನ್ಯವಲ್ಲ, ಕೈಗಳು. ಕಠಿನವಾದ ಪ್ರಶ್ನೆಯಿರುವುದು ಇಲ್ಲಿಯೇ. ಒಂದೊಂದು ತುತ್ತಿನ ಹಿಂದೆ ಗಂಟೆಗಟ್ಟಲೆ ಸೂಕ್ಷ್ಮವಾದ ಕೆಲಸ. ಅದನ್ನು ಮಾಡುತ್ತಿದ್ದವರಲ್ಲಿ ಬಹುಮಂದಿ ನಾನಾ ದೇಶಗಳಿಂದ ಕಲಿಯಲು ಬಂದ ಉಮೇದುವಾರರು. ಊಟ ವಸತಿಗಳಲ್ಲದೆ ಅವರಿಗೆ ಸಂಬಳವಿರಲಿಲ್ಲ. ಅವರು ಬಲಾತ್ಕಾರದಿಂದ ಬಂದವರಲ್ಲ, ಅಲ್ಲಿಗೆ ಸೇರುವುದೇ ಭಾಗ್ಯವೆಂದು ಬಂದವರು; ಗುರುಕುಲದಲ್ಲಿ ಶಿಷ್ಯನೂ ಸಮಿತ್ತು ತರುತ್ತಿದ್ದನಲ್ಲವೆ ಎಂದು ಸಮಾಧಾನ ಹೇಳಬಹುದು. ತರುತ್ತಿದ್ದನು, ಆದರೆ ಆ ಸಮಿತ್ತನ್ನು ಗುರುವು ಅತಿಥಿಗಳಿಗೆ ಕ್ರಯಕ್ಕೆ ಕೊಡುತ್ತಿರಲಿಲ್ಲ. ಎಲ್ ಬುಲ್ಲಿಯ ಊಟದಿಂದ ಲಾಭವಿರಲಿಲ್ಲ, ಪುಸ್ತಕ ಮೊದಲಾದವುಗಳಿಂದ ಖರ್ಚು ತೂಗುತ್ತಿತ್ತು ಎಂದು ಅದರ ಒಡೆಯರು ಹೇಳುತ್ತಿದ್ದರು. ಹಾಗಾದರೆ ಅತಿಥಿಯ ನಗುವಿನ ಬೆಲೆಯಲ್ಲಿ ಒಂದು ಪಾಲನ್ನು ಉಮೇದುವಾರನೇ ತೆತ್ತಂತಾಯಿತು. ರಸವನ್ನು ಚಮಚದಿಂದ ನೀರಿಗಿಳಿಸುತ್ತ ಇಡೀ ಮಧ್ಯಾಹ್ನ ನಿಂತವನಿಗೆ ಆ ಆಲಿವಿನಲ್ಲಿ ಬೆರಗಿಲ್ಲ. ಭೋಜನಾಂಗಣದಲ್ಲಿ ಆಟವಾದುದು ಅಡಿಗೆಮನೆಯಲ್ಲಿ ಬರಿಯ ದುಡಿಮೆ. ಉಣ್ಣುವವನು ಕಣ್ಣು ಮುಚ್ಚಿ ಚಮಚವನ್ನು ಬಾಯಿಗಿಡುವಾಗ ಬಾಣಸಿಗನ ಪ್ರತಿಭೆಗೆ ತಲೆದೂಗುವನು. ಆ ಕೈಯ ನೆನಪು ಅವನಿಗೆ ಬರಲು ಕಾರಣವೇ ಇಲ್ಲದಂತೆ ಎಲ್ಲವೂ ಏರ್ಪಟ್ಟಿರುತ್ತದೆ.

೨೦೧೧ರ ಜುಲೈ ೩೦ರಂದು ಎಲ್ ಬುಲ್ಲಿಯ ಕೊನೆಯ ಊಟ ನಡೆಯಿತು. ೨೦೨೩ರಲ್ಲಿ ಅದೇ ಸ್ಥಳದಲ್ಲಿ ವಸ್ತುಸಂಗ್ರಹಾಲಯವು ತೆರೆಯಿತು. ಗಾದೆಯ ನೋಟ ಮಾತ್ರ ಅಲ್ಲಿ ಉಳಿದು ಊಟವು ಹೊರಟುಹೋಯಿತೆನ್ನಬಹುದು. ಆದರೆ ಆ ಬಗೆಯ ಆಲಿವುಗಳನ್ನು ಸೀಸೆಗಳಲ್ಲಿ ತುಂಬಿ ಮಾರುವವರು ಈಗ ಇದ್ದಾರೆ. ಒಡೆದರೆ ನೀರಾಗುವುದೆಂದು ಎಲ್ಲರೂ ಬಲ್ಲರು, ಗುಟ್ಟೇನೂ ಉಳಿದಿಲ್ಲ. ಹಾಗಿದ್ದೂ ಕೊಂಡು ತಿನ್ನುತ್ತಾರೆ. ಅವರು ಸವಿಯುತ್ತಿರುವುದು ಬೆರಗನ್ನಂತೂ ಆಗಿರಲಾರದು. ಆಲಿವಿನ ರಸವನ್ನೇ ಇರಬೇಕು.